ಎರಡು ಪಾಯಿಂಟು ಒಂದು

ಹೆಸರಿಗೆ ಚಾಕು. ಏನನ್ನೂ ಕೊಯ್ಯುವುದಿಲ್ಲ.
ತಿರುಗುವ ಅಲಗಿನ ಬೆನ್ನಿಗೆ
ಅರ್ಧ ಬೆರಳು ದೂರದಲ್ಲಿ ನಿಂತ ತಗಡು.
ಅಲಗು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ,
ಎಂಎಲ್ಎ ಹಿಂದಿನ ಗನ್‌ಮ್ಯಾನ್ ಥರ
ಎಂದು ತಿಪ್ಪೇಶ ನಕ್ಕಿದ್ದ.
ಅದರ ಕೆಲಸವೂ ಅದೇ ಎಂದು
ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಸಾಗರ ರಸ್ತೆಯ ನಮ್ಮ ಶೆಡ್ಡಿಗೆ
ಮಿಷನ್ನು ಬಂದದ್ದು ಸೆಕೆಂಡ್ ಹ್ಯಾಂಡು,
ಹುಬ್ಬಳ್ಳಿಯಲ್ಲಿ ಯಾರೋ ದಿವಾಳಿ ಎದ್ದವನ ಮಾಲು.
ತಗಡಿನ ಮೇಲೆ ಎರಡೂವರೆ ಎಂದು ಕೊರೆದಿತ್ತು.
ನಾನು ತೆಳು ಅಲಗು ಹಾಕಿದೆ, ಮರ ಉಳಿಯಲಿ ಎಂದು;
ಹೊಟ್ಟಾಗಿ ಹೋಗುವ ಸಾಗುವಾನಿಗೂ
ನಾನೇ ತಾನೆ ದುಡ್ಡು ಕೊಟ್ಟವನು.

ಹಲಗೆ ಗೇಣು ದೂರ ಹೋಗಿ ನಿಂತಿತು.
ಹಲ್ಲು ದಾಟಿದೆ, ತಗಡಿಗೆ ಮೂತಿ ತಾಗಿಸಿ
ಗದ್ದೆಯಂಚಿನಲ್ಲಿ ಹಟ ಹಿಡಿದ ಕೋಣ.
ಇಬ್ಬರೂ ತಳ್ಳಿದೆವು.
"ಬಿಚ್ಚಿ ಬಿಸಾಕಣ ಅಣ್ಣ, ಸುಮ್ನೆ ಅಡ್ಡ."
ಬಿಚ್ಚಿದೆವು.
ಹನ್ನೊಂದು ದಿನ ಚೆನ್ನಾಗಿಯೇ ನಡೆಯಿತು.

ಹನ್ನೆರಡನೆಯ ದಿನ ಅಕೇಶಿಯಾ.
ಗುಡ್ಡದ ಇಳಿಜಾರಿನಲ್ಲಿ ಓರೆಯಾಗಿ ನಿಂತು
ಗಾಳಿಗೆ ಬಿಗಿಹಿಡಿದದ್ದನ್ನೆಲ್ಲ ಆ ಮರ
ಸೀಳಿದ ಮೇಲೆ ಬಿಡುತ್ತದೆ.
ಎರಡು ಹೋಳೂ ಒಳಕ್ಕೆ ಬಾಗಿ ಅಲಗನ್ನು ಕಚ್ಚಿದವು.
ಸದ್ದು ಕೇಳಿಸಿದ್ದು ಆಮೇಲೆ.
ಅಷ್ಟರಲ್ಲಿ ನಾನು ನೆಲದ ಮೇಲೆ ಕೂತಿದ್ದೆ,
ಹಲಗೆ ನನ್ನ ಹಿಂದಿನ ಶೀಟನ್ನು ತೂತು ಮಾಡಿ
ರಸ್ತೆಗೆ ತಲೆ ಹಾಕಿತ್ತು.
ಬೆಲ್ಟಿನ ಬಕಲ್ಲು ಹಪ್ಪಳದ ಹಾಗೆ ಮಡಚಿತ್ತು.
ಮನೆಯಲ್ಲಿ ಹೇಳಿದ್ದು: ಬಸ್ಸಿನ ಕಂಬಿ ತಾಗಿತು.

ರಾತ್ರಿ ಮಗ್ಗುಲು ಬದಲಿಸಲಾಗದೆ ಇದಿನಬ್ಬ ನೆನಪಾದರು.
ಕೊಪ್ಪದ ಕಡೆ ನಾಟಾ ಕೊಯ್ಯುತ್ತಿದ್ದರು,
ತಮ್ಮ ಮೇಲೆ, ಇವರು ಗುಂಡಿಯಲ್ಲಿ,
ಹುಬ್ಬಿನ ತುಂಬ ಹೊಟ್ಟು.
ಎರಡಡಿ ಕೊಯ್ದದ್ದೇ ಸೀಳಿಗೊಂದು ಬಗನಿಯ ಬೆಣೆ,
ಮಗುವಿನ ಬೆನ್ನು ತಟ್ಟಿದಷ್ಟು ಮೆಲ್ಲಗೆ.
"ದಪ್ಪದ್ದಾದ್ರೆ ಮರ ಒಡೀತದೆ,
ತೆಳ್ಳಗಿದ್ರೆ ಗರಗಸ ಸಿಕ್ಕಿಬೀಳ್ತದೆ,
ಸರಿಯಾದ್ದು ಕೈಗೆ ಗೊತ್ತಾಗ್ತದೆ."

ಅವರ ಕೈಗೆ ಗೊತ್ತಾಗುತ್ತಿತ್ತು.
ನನ್ನ ಕೈಗೆ ವರ್ನಿಯರ್ ಬೇಕು.

ಲೇತಿನ ಅಂಗಡಿಯ ಫಿಲೋಮಿನಮ್ಮ ಕೊಟ್ಟರು,
ಸಂಜೆಗೆ ವಾಪಸ್ ಬರಬೇಕು ಎಂದು ಎರಡು ಸಲ ಹೇಳಿ.
ಅಲಗಿನ ಮೈ, ಒಂದು ಪಾಯಿಂಟು ಆರು.
ಹಲ್ಲಿನ ಅಗಲ, ಎರಡು ಪಾಯಿಂಟು ನಾಲ್ಕು.
ಮೈಗಿಂತ ದಪ್ಪ, ಹಲ್ಲಿಗಿಂತ ತೆಳು:
ನಡುವೆ ಇರುವುದು ಹತ್ತು ಕೂದಲಿನ ಜಾಗ,
ಅಲ್ಲೆಲ್ಲೋ ನನ್ನ ಹೊಟ್ಟೆ ಇದೆ.

ಗಾಂಧಿ ಬಜಾರಿನ ಹಾರ್ಡ್‌ವೇರಿನವನು
ಕೇಕು ಕೊಯ್ಯುವ ಚಾಕು ತೋರಿಸಿದ.

ಇದಿನಬ್ಬರ ಮೊಮ್ಮಗಳು ರಾಬಿಯಾ
ಅಟ್ಟದಿಂದ ಇಳಿಸಿದಳು, ಮುರಿದ ಗರಗಸ,
ಮುರಿದ ಮೇಲೂ ಅವಳ ಅಜ್ಜನಷ್ಟು ಎತ್ತರ.
ಬೆಲೆ: ಒಂದು ಚಪಾತಿ ಮಣೆ, ಹಲಸಿನದ್ದೇ ಆಗಬೇಕು.
ತುಕ್ಕು ಉಜ್ಜಿದ ಮೇಲೆ ತುದಿಯಲ್ಲಿ ಎರಡು ಪಾಯಿಂಟು ಮೂರು,
ನಡುವಿನಲ್ಲಿ ಎರಡು ಪಾಯಿಂಟು ಎರಡು.
ಎಷ್ಟು ಕಾಡು ದಾಟಿದರೆ
ಉಕ್ಕು ಒಂದು ಕೂದಲು ಸವೆಯುತ್ತದೋ.
ಅಲ್ಲಿಂದಲೇ ಕತ್ತರಿಸಿದೆವು.
ಫಿಲೋಮಿನಮ್ಮ ಕನ್ನಡಕ ಮೂಗಿಗಿಳಿಸಿ
ನೀರು ಹನಿಸುತ್ತ, ಗ್ರೈಂಡರಿಗೆ ಹಿಡಿದು
ಇನ್ನೊಂದು ಕೂದಲು ತೆಗೆದರು.
ಎರಡು ಪಾಯಿಂಟು ಒಂದು.
ನಾಲ್ಕು ಕಡೆ ಅಳೆದೆ. ಐದನೆಯ ಕಡೆಯೂ.

ಅದೇ ಅಕೇಶಿಯಾ. ಈ ಸಲ ಪಕ್ಕಕ್ಕೆ ನಿಂತೆ.
ಹೋಳುಗಳು ಬಾಗಿದವು,
ಬಾಗಿ ತಗಡನ್ನು ಹಿಡಿದವು,
ಹಿಡಿದುಕೊಂಡೇ ಕೊನೆಯವರೆಗೆ ಜಾರಿದವು.
ಅಲಗು ತನ್ನ ಪಾಡಿಗೆ ತಿರುಗುತ್ತಿತ್ತು.
ತಿಪ್ಪೇಶ ಉಸಿರು ಬಿಟ್ಟಾಗ
ಮೇಜಿನ ಮೇಲಿನ ಹೊಟ್ಟು ಹಾರಿತು.

"ನಾಳೆ ಬೇರೆ ಅಲಗು ಹಾಕಿದ್ರೆ?"
"ಮತ್ತೆ ಅಳೆಯೋದು."
"ಯಾವುದರಲ್ಲಿ?"
ಬಾಗಿಲಲ್ಲಿ ಫಿಲೋಮಿನಮ್ಮ, ಕೈ ಚಾಚಿ.
ಸಂಜೆಯಾಗಿ ಮೂರು ದಿನವಾಗಿತ್ತು.